ಪುಷ್ಯದ ಮೋಡ, ಮಾಘದ ರಾಶಿ

ಚಳಿಗಾಲದಲ್ಲಿ ಮೋಡ ಕವಿದರೆ ನನಗೆ ಇವತ್ತಿಗೂ ಊಟ ಸೇರುವುದಿಲ್ಲ. ಮುಂಡರಗಿಯ ಈ ಮನೆಗೆ ಸೊಸೆಯಾಗಿ ಬಂದು ತಲೆ ಬೆಳ್ಳಗಾಯಿತು. ಇಲ್ಲಿ ನಮಗೆ ಹೊಲ ಇಲ್ಲ. ಗೋಧಿ ಅಂಗಡಿಯಿಂದ ಬರುತ್ತದೆ, ಗಿರಣಿಗೆ ಹೋಗಿ ಹಿಟ್ಟಾಗಿ ಬರುತ್ತದೆ, ಮೋಡ ಬಂದರೂ ಹೋದರೂ ನಮ್ಮ ಡಬ್ಬಿ ಖಾಲಿಯಾಗುವುದಿಲ್ಲ. ಅದು ದೇವರು ಮಾಡಿದ ಉಪಕಾರ, ಇಲ್ಲ ಅನ್ನಲಾರೆ. ಆದರೂ ಎಳ್ಳಮಾವಾಸ್ಯೆ ಕಳೆದ ಮೇಲೆ ಒಂದು ಮುಂಜಾನೆ ಎದ್ದಾಗ ಚಳಿ ಇಲ್ಲದಿದ್ದರೆ, ಮೂಡಣದ ಕಡೆ ಬೂದಿ ಬಣ್ಣ ಕವಿದಿದ್ದರೆ, ಕೈಯಲ್ಲಿನ ಕಸಬರಿಗೆ ಹಾಗೇ ನಿಲ್ಲುತ್ತದೆ. ಏನಾತು ಅಂತ ಮೊಮ್ಮಕ್ಕಳು ಕೇಳುತ್ತಾರೆ. ಏನೂ ಆಗಿಲ್ಲ ಅನ್ನುತ್ತೇನೆ. ಆಗಬೇಕಾದದ್ದು ನಾನು ಹತ್ತು ಹನ್ನೊಂದರ ಹುಡುಗಿಯಾಗಿದ್ದಾಗಲೇ ಆಗಿಹೋಗಿದೆ.

ನಾನು ಬೆಳೆದದ್ದು ಶಿಗ್ಲಿಯಿಂದ ಆಚೆ, ಲಕ್ಷ್ಮೇಶ್ವರದ ಸಂತೆಗೆ ನಡೆದು ಹೋಗಿ ಬರುವಷ್ಟು ದೂರದ ಒಂದು ಹಳ್ಳಿಯಲ್ಲಿ. ಮಣ್ಣಿನ ಮಾಳಿಗೆಯ ಮನೆ. ಬಾಗಿಲು ದಾಟಿದರೆ ಮೊದಲು ಎತ್ತುಗಳು, ಅವುಗಳ ಉಸಿರು ತಾಗಿದ ಮೇಲೆಯೇ ಒಂದು ಮೆಟ್ಟಿಲೇರಿ ಪಡಸಾಲೆ. ಪಡಸಾಲೆಯ ನಡುಗಂಬಕ್ಕೆ ಬೆನ್ನು ಕೊಟ್ಟು ಕೂತಿರುತ್ತಿದ್ದವಳು ಆಯಿ, ಅಂದರೆ ಅಪ್ಪನ ತಾಯಿ. ಅಲ್ಲಿ ಕೂತರೆ ಬೀದಿ, ಎತ್ತು, ಅಡಿಗೆಮನೆ ಮೂರೂ ಕಾಣುತ್ತಿದ್ದವು. ಒಳಗಿನ ಅಡಿಗೆಮನೆಗೆ ಮಾಳಿಗೆಯಲ್ಲಿನ ಬೆಳಕಿಂಡಿ ಒಂದೇ ದಿಕ್ಕು. ಅದರಿಂದ ಇಳಿದ ಬಿಸಿಲು ಒಲೆಯ ಹೊಗೆಯಲ್ಲಿ ಕಂಬದ ಹಾಗೆ ನಿಂತಿರುತ್ತಿತ್ತು, ಅದರ ಪಕ್ಕದಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಕೂತು ಉಂಡದ್ದನ್ನು ನಾನು ನೋಡಿದ್ದೇನೆ, ಸುಮ್ಮನೆ ಕೂತದ್ದನ್ನು ನೋಡಿಲ್ಲ. ಅಪ್ಪ ಮಾತು ಕಡಿಮೆಯ ಮನುಷ್ಯ. ಅಪ್ಪನ ತಮ್ಮ, ನಮ್ಮ ಕಾಕಾ, ಮಾತು ಹೆಚ್ಚಾದರೂ ಆಯಿಯ ಎದುರಿಗೆ ಅದು ಗಂಟಲಲ್ಲೇ ನಿಲ್ಲುತ್ತಿತ್ತು. ಅವನ ಮದುವೆಯಾಗಿ ಕಾಕಿ ಮನೆಗೆ ಬಂದದ್ದು ನಾನು ಹೇಳುತ್ತಿರುವ ಆ ವರ್ಷದ ಬೇಸಿಗೆಯಲ್ಲಿ.

ದಿನದ ಊಟ ಜೋಳದ್ದು. ಗೋಧಿ ಹಬ್ಬಕ್ಕೆ, ಬೀಗರಿಗೆ, ಶಾವಿಗೆಗೆ, ಮಠದಲ್ಲಿ ಕೊಡುವ ಹುಗ್ಗಿಗೆ. ತಿನ್ನುವುದು ವರ್ಷದಲ್ಲಿ ಕೆಲವೇ ದಿನವಾದರೂ ಮನೆಯ ಚಿಂತೆ ಎಲ್ಲಾ ಅದರದೇ, ಯಾಕೆಂದರೆ ನಮ್ಮ ಒಳ್ಳೆಯ ಎರೆಹೊಲ ಅದಕ್ಕೆ ಮೀಸಲು. ಮುಂಗಾರಿಯಲ್ಲಿ ಆ ಹೊಲಕ್ಕೆ ಏನೂ ಹಾಕದೆ ಬರೀ ಕುಂಟೆ ಹೊಡೆದು ಹದ ಮಾಡಿ ಇಡುತ್ತಿದ್ದರು. ಚಿತ್ತಿ ಮಳೆ ಬಿದ್ದು ನೆಲ ಕಾಲಿಗೆ ಅಂಟದಷ್ಟು ಆರಿದಾಗ ಬಿತ್ತಲು ಕೂರಿಗೆ ಹೂಡುತ್ತಿದ್ದರು. ಅಲ್ಲಿಂದ ಮುಂದೆ ಗೋಧಿಗೆ ಮಳೆ ಬೇಕಿಲ್ಲ, ಚಳಿ ಬೇಕು. ಎರೆಮಣ್ಣು ಒಡಲಲ್ಲಿ ಇಟ್ಟುಕೊಂಡ ತೇವ, ರಾತ್ರಿಯ ಇಬ್ಬನಿ, ಹಗಲಿನ ತಿಳಿ ಬಿಸಿಲು, ಇಷ್ಟರಲ್ಲೇ ಅದು ತೆನೆ ತೆಗೆಯಬೇಕು. ಚಳಿ ಬಿದ್ದಷ್ಟೂ ಬುಡ ಒಡೆದು ಹೊಸ ಕುಡಿ ಬರುತ್ತವೆ. ನಡುವೆ ಮೋಡ ಮುಚ್ಚಿ ಸೆಕೆಯಾದರೆ ರೋಗ ಬರುತ್ತದೆ, ಕಾಳು ತುಂಬುವ ಹೊತ್ತಿನಲ್ಲಿ ಬಂದರೆ ಜೊಳ್ಳು. ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ಚಳಿಗೆ ಹಲ್ಲು ಕಟಕಟ ಅನ್ನುವಾಗ ಮನೆಯವರ ಮುಖದಲ್ಲಿ ಗೆಲುವು ಕಂಡು, ಬೆಚ್ಚಗಿನ ದಿನ ಯಾರೂ ಸರಿಯಾಗಿ ಮಾತಾಡದ್ದು ಕಂಡು ಕಲಿತದ್ದು. ನಮ್ಮ ಮನೆಯಲ್ಲಿ ಚಳಿಯನ್ನು ಬೈದರೆ ಆಯಿ ಬೈಯುತ್ತಿದ್ದಳು.

ಇನ್ನೊಂದು ಕಲಿತದ್ದಿತ್ತು. ಬೆಳೆ ಹೊಲದಲ್ಲಿ ನಿಂತಿರುವಾಗ ಎಷ್ಟು ಬರಬಹುದು ಅಂತ ಬಾಯಿಬಿಟ್ಟು ಆಡುವಂತಿಲ್ಲ. ಬೆರಳು ಮಾಡಿ ತೋರಿಸುವಂತಿಲ್ಲ. ದಾರಿಯಲ್ಲಿ ಯಾರಾದರೂ ಬೆಳೆ ಹೇಗಿದೆ ಅಂತ ಕೇಳಿದರೆ ಅಪ್ಪ ಐತ್ರಿ ಅನ್ನುತ್ತಿದ್ದ, ಅಷ್ಟೇ. ತೆನೆ ತುಳಿಸಿ, ಗಾಳಿಗೆ ತೂರಿ, ಕಣದಲ್ಲಿ ರಾಶಿ ಮಾಡಿ, ಮನೆಯ ಮುತ್ತೈದೆ ಆ ರಾಶಿಗೆ ಪೂಜೆ ಮಾಡಿದ ಮೇಲೆಯೇ ಅಳತೆಯ ಮಾತು. ಅಲ್ಲಿಯವರೆಗೆ ಅದು ಭೂಮಿತಾಯಿಯದು. ಬಸುರಿಯ ಹೊಟ್ಟೆ ನೋಡಿ ಎಂಥ ಮಗು ಅಂತ ಹೇಗೆ ಹೇಳಬಾರದೋ ಹಾಗೆ. ಊರಲ್ಲಿ ಎಲ್ಲರೂ ಇದನ್ನು ನಡೆಸುತ್ತಿದ್ದರು, ಆದರೆ ಆಯಿಯಷ್ಟು ಹಿಡಿದವರು ಇರಲಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮ ಅಜ್ಜ ಒಂದು ವರ್ಷ ಲಕ್ಷ್ಮೇಶ್ವರದ ಸಂತೆಯಲ್ಲಿ ನಿಂತು, ಈ ಸಲದ ಗೋಧಿ ನೋಡಾಕ ಬರ್ರಿ ಅಂತ ನಾಲ್ಕು ಮಂದಿಗೆ ಹೇಳಿ ಬಂದಿದ್ದನಂತೆ. ಆಮೇಲೆ ಆಲಿಕಲ್ಲಿನ ಮಳೆ ಬಿದ್ದು ತೆನೆ ಎಲ್ಲಾ ಮುರಿದು ನೆಲಕ್ಕೆ ಮಲಗಿತು. ಮುಂದಿನ ಬೇಸಿಗೆ ಕಾಣುವ ಮೊದಲೇ ಅಜ್ಜನೂ ಹೋದ. ಇಬ್ಬರು ಗಂಡುಮಕ್ಕಳನ್ನು ಮುಂದಿಟ್ಟುಕೊಂಡು ಆಯಿ ಹೊಲ ಮಾಡಿಸಿದಳು. ಆ ಕಾಲದ ಹೆದರಿಕೆ ಅವಳ ಮೈಯಿಂದ ಕೊನೆಯವರೆಗೂ ಇಳಿಯಲಿಲ್ಲ. ಅವಳ ಮೇಲೆ ನನಗೆ ಈಗ ಸಿಟ್ಟಿಲ್ಲ.

ಕಾಕಿ ಬೆಟಗೇರಿಯವಳು. ಶಾಂತವ್ವ ಅಂತ ಹೆಸರು. ಅವಳ ತಂದೆಯದು ನೂಲಿನ ಅಂಗಡಿ, ಮನೆಯ ಸುತ್ತ ಮಗ್ಗದವರು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲಿ ಬೆಳೆದವಳಾದ್ದರಿಂದ ಅವಳ ದನಿ ಸ್ವಲ್ಪ ದೊಡ್ಡದು. ಪಿಸುಮಾತು ಅವಳಿಗೆ ಬರುತ್ತಲೇ ಇರಲಿಲ್ಲ. ರೊಟ್ಟಿ ಬಡಿದರೆ ಮೂಲೆ ಹರಿಯುತ್ತಿತ್ತು, ಎತ್ತು ತಲೆ ಅಲ್ಲಾಡಿಸಿದರೆ ಹೆದರಿ ಗೋಡೆಗೆ ಅಂಟುತ್ತಿದ್ದಳು, ಆಮೇಲೆ ತಾನೇ ನಗುತ್ತಿದ್ದಳು. ಆ ನಗುವಿಗೆ ಅವ್ವನೂ ನಗುತ್ತಿದ್ದಳು. ಅವ್ವನಿಗೆ ಅಷ್ಟು ಚಂದದ ಹಲ್ಲಿನ ಸಾಲು ಇದೆಯೆಂದು ನನಗೆ ಗೊತ್ತಾದದ್ದೇ ಕಾಕಿ ಬಂದ ಮೇಲೆ. ಇಬ್ಬರೂ ಒಂದೇ ಬೀಸುವ ಕಲ್ಲಿಗೆ ಎದುರುಬದುರು ಕೂತರೆ ಕಲ್ಲು ಹಗುರಾಗಿ ತಿರುಗುತ್ತಿತ್ತು. ದೇವರು ನನಗ ಒಂದು ಕೈ ಕಳಿಸ್ಯಾನ ಅಂತ ಅವ್ವ ಒಮ್ಮೆ ನೀರು ಸೇದುವಾಗ ತನ್ನಷ್ಟಕ್ಕೇ ಅಂದದ್ದು ನನ್ನ ಕಿವಿಗೆ ಬಿದ್ದಿತ್ತು.

ಆ ವರ್ಷ ಚಿತ್ತಿ ಮಳೆ ಹದವಾಗಿ ಬಿತ್ತು. ಅಪ್ಪ ಹೊಲದ ಮೇಲಿನ ಅರ್ಧ ಬಿತ್ತಿ ಮುಗಿಸುವಷ್ಟರಲ್ಲಿ ಸ್ವಾತಿ ಮಳೆ ಹಿಡಿದುಕೊಂಡಿತು. ಹಳ್ಳದ ದಂಡೆಯ ಕೆಳಗಿನ ಅರ್ಧ ಕೆಸರಾಗಿ ಕೂತಿತು. ಅದು ಆರಿ ಕೂರಿಗೆ ಹೋಗುವ ಹೊತ್ತಿಗೆ ಮೇಲಿನ ಗೋಧಿ ಗೇಣುದ್ದ ಆಗಿತ್ತು. ಹೀಗೆ ಒಂದೇ ಹೊಲದಲ್ಲಿ ಒಂದು ಹಿರಿಯದು, ಒಂದು ಕಿರಿಯದು ಎರಡು ಬೆಳೆ ನಿಂತವು. ಆಮೇಲೆ ಬಿದ್ದ ಚಳಿ ಎಂಥದೆಂದರೆ ಮುಂಜಾನೆ ಕೊಡದ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆಯಿ ಕೌದಿ ಹೊದ್ದುಕೊಂಡು ಕಂಬಕ್ಕೆ ಒರಗಿ, ಬೀಳಲಿ, ಇನ್ನೂ ಬೀಳಲಿ ಅನ್ನುವ ಹಾಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಸಜ್ಜೆಯ ಕಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಎಳ್ಳು ಹೋಳಿಗೆ, ಮೊಸರನ್ನ, ಎಲ್ಲ ಮಾಡಲು ಅವ್ವ ಮತ್ತು ಕಾಕಿ ಕೋಳಿ ಕೂಗುವ ಮೊದಲೇ ಎದ್ದಿದ್ದರು. ಬನ್ನಿಗಿಡದ ಬುಡದಲ್ಲಿ ಕಲ್ಲು ಇಟ್ಟು ಪೂಜೆ ಮಾಡಿ, ಮಾಡಿದ ಅಡಿಗೆಯನ್ನೆಲ್ಲ ಒಂದೊಂದು ತುತ್ತು ಕಲಸಿ ಆಯಿ ಬುಟ್ಟಿ ಹಿಡಿದಳು. ಅಪ್ಪ ಚರಗದ ಕೂಗು ಹಾಕುತ್ತ ಮುಂದೆ, ಆಯಿ ಬೆಳೆಗೆ ಅನ್ನ ಚೆಲ್ಲುತ್ತ ಹಿಂದೆ. ಕಾಕಿ ಈ ಹಬ್ಬವನ್ನು ಹೊಲದಲ್ಲಿ ನೋಡಿದ್ದು ಅದೇ ಮೊದಲು. ಮೇಲಿನ ಗೋಧಿ ಆಗಲೇ ತೆನೆ ತೆಗೆದು ಅವಳ ಸೊಂಟದವರೆಗೆ ನಿಂತಿತ್ತು, ಗಾಳಿಗೆ ಅಲೆ ಹೋದಂತೆ ಬಾಗಿ ಏಳುತ್ತಿತ್ತು. ಅವಳು ಅದರ ನಡುವೆ ಹೋಗಿ ಎರಡೂ ಕೈ ಚಾಚಿ ನಿಂತಳು. ಆಮೇಲೆ ಅವ್ವನ ಕಡೆ ತಿರುಗಿ ತನ್ನ ದೊಡ್ಡ ದನಿಯಲ್ಲಿ ಅಂದಳು:

"ಅಕ್ಕಾ, ಈ ಸಲಾ ಪಡಸಾಲಿ ಸಾಲೂದಿಲ್ಲ ನೋಡ್ರಿ. ಅಡಗಿಮನಿತನಕ ಚೀಲಾ ಬರ್ತಾವ. ನಾವು ಎಲ್ಲಿ ಮಲಗೂಣು?"

ಕಾಕಾ ನಕ್ಕುಬಿಟ್ಟ. ಬೇರೆ ಯಾರೂ ನಗಲಿಲ್ಲ. ಚರಗದ ಬುಟ್ಟಿಯಲ್ಲಿ ಆಯಿಯ ಕೈ ಇದ್ದಲ್ಲೇ ನಿಂತಿತು. ಅವ್ವ ಬೇಗ ಹೋಗಿ ಕಾಕಿಯ ಕೈ ಹಿಡಿದು ಕೆಳಗಿಳಿಸಿ, ಬಾ ಎಲಿ ಹಾಕೂಣು ಅಂತ ಕರೆದುಕೊಂಡು ಬಂದಳು. ಊಟವಾಯಿತು, ರುಚಿ ಯಾರಿಗೂ ಗೊತ್ತಾಗಲಿಲ್ಲ. ತಿರುಗಿ ಬರುವಾಗ ಬಂಡಿಯಲ್ಲಿ ಕಾಕಿ ಅವ್ವನಿಗೆ ಒತ್ತಿ ಕೂತು ಏನು ತಪ್ಪಾಯಿತು ಅಂತ ಕೇಳಿದಳು. ಅವ್ವ ಹೇಳಿದಳು. ಕಾಕಿಯ ಮುಖ ಸಣ್ಣದಾಯಿತು.

"ನಂಗ ಗೊತ್ತಿರಲಿಲ್ಲಕ್ಕಾ. ನಮ್ಮ ಓಣ್ಯಾಗ ಸೀರಿ ಇನ್ನೂ ಮಗ್ಗದ ಮ್ಯಾಲಿದ್ದಾಗನ ಎಲ್ಲಾರೂ ಬಂದು ಚಲೋ ಬಂದೈತಿ, ಚಲೋ ಬಂದೈತಿ ಅಂತಾರ. ಹಂಗ ಅನ್ನದಿದ್ರ ನೇಯೋರಿಗೆ ಬ್ಯಾಸರಾಕ್ಕೈತಿ."

ಪುಷ್ಯಮಾಸ ಹುಟ್ಟಿದ ಮೊದಲ ವಾರದಲ್ಲೇ ಚಳಿ ಸತ್ತುಹೋಯಿತು. ಮೂಡಣದಿಂದ ಮೋಡ ಎದ್ದು ಊರ ಮೇಲೆ ಹಳೆಯ ಕಂಬಳಿಯ ಹಾಗೆ ಕೂತುಬಿಟ್ಟಿತು. ಮಳೆಯೂ ಅಲ್ಲದ, ಬಿಸಿಲೂ ಅಲ್ಲದ ದಿನಗಳು. ಆಗಾಗ ಜಿಟಿಜಿಟಿ. ಹೊದ್ದ ಕೌದಿ ಬೆವರಿಗೆ ಅಂಟುತ್ತಿತ್ತು, ಗೋಡೆ ತೇವ ಬಿಡುತ್ತಿತ್ತು, ಉಪ್ಪಿನ ಭರಣಿಯಲ್ಲಿ ನೀರಾಡಿತು. ಕಡಲೆಯ ಹೂವು ಉದುರಿತೆಂದು ಸುದ್ದಿ ಬಂತು. ಅಪ್ಪ ದಿನವೂ ಹೊಲಕ್ಕೆ ಹೋಗಿ ಬಂದು ನೇರ ಹಿತ್ತಲಿಗೆ ಹೋಗಿ ಕೈಕಾಲು ತೊಳೆಯುತ್ತಿದ್ದ. ಆ ದಿನಗಳಲ್ಲಿ ಅವ್ವ ಲಿಂಗಪೂಜೆಗೆ ಕೂತರೆ ಏಳುವುದು ತಡವಾಗುತ್ತಿತ್ತು. ಎಡಗೈಯಲ್ಲಿ ಲಿಂಗ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತಿದ್ದಳು. ದೇವರಲ್ಲಿ ಏನು ಬೇಡಿಕೊಂಡಿ ಅಂತ ಒಂದು ದಿನ ಕೇಳಿದೆ.

"ಏನೂ ಬೇಡಿಲ್ಲವ್ವಾ. ಇದ್ದದ್ದನ್ನ ಹೇಳೇನಿ."

ಈಗ ನಾನೂ ಹಾಗೇ ಮಾಡುತ್ತೇನೆ. ಬೇಡಲು ಕೂತರೆ ಬೇಡಿಕೆಗೆ ಕೊನೆ ಇರುವುದಿಲ್ಲ. ಇದ್ದದ್ದನ್ನು ಹೇಳಲು ಕೂತರೆ ಅದರೊಳಗೇ ನಾಲ್ಕು ಒಳ್ಳೆಯವೂ ಬಾಯಿಗೆ ಬಂದುಬಿಡುತ್ತವೆ. ಅವತ್ತಿನ ಅವ್ವನ ಪಟ್ಟಿಯಲ್ಲಿ ಏನೇನಿತ್ತೋ ನನಗೆ ಗೊತ್ತಿಲ್ಲ. ಎತ್ತು ಗಟ್ಟಿಯಾಗಿವೆ, ಮಗಳಿಗೆ ಜ್ವರ ಬಿಟ್ಟಿದೆ, ಮಾಳಿಗೆ ಸೋರಿಲ್ಲ. ಇಂಥವೇ ಇರಬೇಕು.

ಒಂದು ಸಂಜೆ ಅಪ್ಪ ಹೊಲದಿಂದ ಬಂದಾಗ ಅವನ ಬಿಳಿ ಧೋತರ ಮೊಣಕಾಲಿನಿಂದ ಕೆಳಗೆ ಇಟ್ಟಂಗಿಯ ಪುಡಿ ಎರಚಿದಂತೆ ಕೆಂಪು ಹಳದಿಯಾಗಿತ್ತು. ಗೋಧಿಗೆ ಭಂಡಾರ ರೋಗ ಬಿದ್ದಿತ್ತು. ಎಲೆ, ದಂಟುಗಳ ಮೇಲೆ ತುಕ್ಕಿನಂಥ ಪುಡಿ ಎದ್ದು, ನಡೆದವರ ಬಟ್ಟೆಗೆಲ್ಲ ಮೆತ್ತುತ್ತದೆ. ಬೆಳೆಯ ಜೀವವನ್ನು ಹೀರಿ ಕಾಳನ್ನು ಸಿಪ್ಪೆ ಮಾಡುತ್ತದೆ. ಆಯಿ ಕಂಬದ ಬುಡದಿಂದಲೇ ಆ ಧೋತರ ನೋಡಿದಳು. ಕಾಕಿ ಆಗ ನೀರಿನ ತಂಬಿಗೆ ಹಿಡಿದು ಅಪ್ಪನ ಮುಂದೆ ಬಂದಿದ್ದಳು. ಆಯಿ ದನಿ ಏರಿಸಲಿಲ್ಲ.

"ಅವತ್ತ ಬಾಯಿಂದ ಬಿತ್ತು. ಇವತ್ತ ಹೊಲದಾಗ ಬಿತ್ತು."

ಅವ್ವ ಆ ಧೋತರವನ್ನು ಹಿತ್ತಲಲ್ಲಿ ಒಗೆದಳು. ಕಲ್ಲಿನಿಂದ ಹರಿದ ನೀರು ಬಹಳ ಹೊತ್ತು ಕೆಂಪಗೇ ಇತ್ತು. ಕಾಕಿ ಪಕ್ಕದಲ್ಲಿ ನಿಂತಿದ್ದಳು, ಅಳುವುದಕ್ಕೂ ಹೆದರಿ. ಅವತ್ತಿನಿಂದ ಆಯಿ ಅವಳ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟಳು. ಸಂಕ್ರಮಣ ಹತ್ತಿರ ಬಂದಾಗ, ತವರಿಗೆ ಹೋಗಿ ಬರಲಿ ಅಂದಳು. ಹೊಸ ಸೊಸೆ ಹಬ್ಬಕ್ಕೆ ತವರಿಗೆ ಹೋಗುವುದರಲ್ಲಿ ಹೊಸದೇನಿಲ್ಲ, ಆದರೆ ಯಾವಾಗ ಕರೆಯಲು ಹೋಗಲಿ ಅಂತ ಕಾಕಾ ಕೇಳಿದಾಗ ಆಯಿ ಕೊಟ್ಟ ಉತ್ತರ ಹೊಸದು.

"ಹೊಸಾ ಗೋಧಿ ಮನಿಗೆ ಬರಲಿ. ಬಂದ್ರ ಕರಸೂಣು. ಬರದಿದ್ರ ಅದನ್ನ ಆವಾಗ ನೋಡೂಣು."

ಹಾಗೆ ಕಳಿಸಿದವರನ್ನು ಕರೆಸದೇ ಬಿಟ್ಟ ಮನೆಗಳನ್ನು ನಮ್ಮ ಕಡೆ ಎಲ್ಲರೂ ಕಂಡಿದ್ದರು. ಶಿರಹಟ್ಟಿಯ ಕಡೆಯ ನಮ್ಮದೇ ಬಳಗದ ಒಬ್ಬಳು ಹಾಗೆ ತವರಿಗೆ ಹೋದವಳು ಅಲ್ಲೇ ಮುದುಕಿಯಾಗಿದ್ದಳು. ಕಾಕಾ ತಲೆ ತಗ್ಗಿಸಿದ. ಅಪ್ಪ ಎತ್ತಿನ ಕಡೆ ನೋಡಿದ. ಕಾಕಿ ಹೊರಡುವ ದಿನ ಆಯಿಯ ಕಾಲಿಗೆ ಬಿದ್ದಳು. ಆಯಿ ಕಾಲು ಹಿಂದಕ್ಕೆ ತಗೊಳ್ಳಲಿಲ್ಲ, ಏಳು ಅಂತಲೂ ಅನ್ನಲಿಲ್ಲ. ಅವ್ವ ಕುಂಕುಮ ಹಚ್ಚಿ, ಹಳೆಯ ಗೋಧಿಯಿಂದ ಅವಳ ಉಡಿ ತುಂಬಿದಳು. ಅಷ್ಟು ಮಾಡುವುದಕ್ಕೆ ಅವ್ವ ಯಾರನ್ನೂ ಕೇಳಲಿಲ್ಲ. ಬಾಗಿಲಿಗೆ ಹೋಗಿ ನಿಂತು, ಕಾಕಿಯೂ ಅವಳನ್ನು ಬಿಟ್ಟು ಬರಲು ಹೊರಟ ಕಾಕಾನೂ ಬಸ್ಸಿನ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ, ಒಳಗೆ ಬಂದು ಒಬ್ಬಳೇ ಬೀಸುವ ಕಲ್ಲಿನ ಮುಂದೆ ಕೂತಳು.

ಆಮೇಲಿನ ವಾರಗಳು ನನಗೆ ಅವ್ವನ ಬೆನ್ನಾಗಿ ನೆನಪಿವೆ. ಒಲೆಯ ಮುಂದೆ ಬಾಗಿದ ಬೆನ್ನು, ಹಿತ್ತಲಲ್ಲಿ ಬಾಗಿದ ಬೆನ್ನು, ಸಗಣಿ ಬಳಿಯುವ ಬೆನ್ನು. ಎರಡು ಕೈಯ ಕೆಲಸ ಮತ್ತೆ ಒಂದೇ ಕೈಗೆ ಬಂದಿತ್ತು. ರೊಟ್ಟಿ ಬಡಿಯುತ್ತ ಬಡಿಯುತ್ತ ಕೈ ನಿಲ್ಲಿಸಿ, ಬೆಳಕಿಂಡಿಯಿಂದ ಬೀಳುವ ಬೆಳಕು ಬೆಳ್ಳಗಿದೆಯೋ ಮಬ್ಬಾಗಿದೆಯೋ ನೋಡುತ್ತಿದ್ದಳು. ಮಬ್ಬಾಗಿದ್ದರೆ ಉಸಿರು ಬಿಟ್ಟು ಮತ್ತೆ ಬಡಿಯುತ್ತಿದ್ದಳು. ಹೊರಗೆ ಮೋಡ ಇದ್ದಷ್ಟು ದಿನವೂ ಬೆಟಗೇರಿಯಲ್ಲಿ ಒಬ್ಬಳ ಬದುಕು ನೆನೆಯುತ್ತಿದೆ ಅನ್ನುವುದು ನನಗೆ ಆ ವಯಸ್ಸಿಗೇ ತಿಳಿದಿತ್ತು. ಕಾಕಾ ಊಟಕ್ಕೆ ಕೂತರೆ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಏಳುತ್ತಿದ್ದ.

ನಮ್ಮ ಹೊಲದ ಬದುವಿಗೆ ಹತ್ತಿಕೊಂಡೇ ಹುಸೇನಸಾಬರ ಹೊಲ. ಅವರು ಒಂದು ಮಧ್ಯಾಹ್ನ ಅಪ್ಪನನ್ನು ಹುಡುಕಿಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಅಪ್ಪ ಇರಲಿಲ್ಲ. ಆಯಿ ಕಂಬದ ಬುಡದಲ್ಲಿ ಬತ್ತಿ ಹೊಸೆಯುತ್ತಿದ್ದಳು. ಅವ್ವ ಚಾ ತಂದು ಕೊಟ್ಟವಳು ಒಳಗೆ ಹೋಗಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲಲ್ಲೇ ನಿಂತು ಕೇಳಿದಳು:

"ಹುಸೇನಣ್ಣಾ, ನಿಮ್ಮ ಹೊಲಕ್ಕೂ ಬಿದ್ದೈತೇನ್ರಿ ಭಂಡಾರ?"

"ಬಿದ್ದೈತವ್ವಾ. ಹಳ್ಳದ ದಂಡಿಗೆ ಯಾರ್ದೂ ಉಳದಿಲ್ಲ. ಮುಳಗುಂದದ ಕಡೆನೂ ಹಿಂಗ ಅಂತ ಖಬರ ಬಂತು."

"ನಿಮ್ಮ ಹೊಲದಾಗ ಯಾರರ ಏನರ ಅಂದಿದ್ರೇನ್ರಿ, ಇಷ್ಟು ಬರ್ತೈತಿ ಅಷ್ಟು ಬರ್ತೈತಿ ಅಂತ?"

ಹುಸೇನಸಾಬರಿಗೆ ಊರ ಸುದ್ದಿ ಗೊತ್ತಿತ್ತು. ಚಾದ ಬಟ್ಟಲು ಕೆಳಗಿಟ್ಟು ಒಮ್ಮೆ ಅವ್ವನನ್ನು, ಒಮ್ಮೆ ಆಯಿಯನ್ನು ನೋಡಿದರು.

"ನಮ್ಮ ಮನ್ಯಾಕಿ ಹೊಲಕ್ಕ ಬಂದ್ರ ನನ್ನ ಬೈಯಾಕ ಪುರಸೊತ್ತಿರೂದಿಲ್ಲವ್ವಾ, ಗೋಧಿ ಹೊಗಳಾಕ ಎಲ್ಲಿ ಪುರಸೊತ್ತು."

ಅವ್ವ ಆಯಿಯ ಕಡೆ ತಿರುಗಿಯೂ ನೋಡಲಿಲ್ಲ. ಬರಿದಾದ ಬಟ್ಟಲು ತಗೊಂಡು ಒಳಗೆ ಹೋದಳು. ಆಯಿಯ ಬೆರಳು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಹುಸೇನಸಾಬರು ಹೋದ ಮೇಲೆ, ಮಂದಿ ಹೊಲದ್ದು ಮಂದಿಗೆ ಗೊತ್ತು, ಅಂತಷ್ಟೇ ಅಂದಳು. ಆದರೆ ಅವತ್ತು ಹೊಸೆದ ಬತ್ತಿಗಳು ಒಂದೂ ಸರಿಯಾಗಿರಲಿಲ್ಲ, ಸಂಜೆ ಹಚ್ಚಿದರೆ ಬಿಚ್ಚಿಕೊಂಡವು.

ಪುಷ್ಯ ಮುಗಿಯುವ ಹೊತ್ತಿಗೆ ಗಾಳಿ ತಿರುಗಿತು. ಬಡಗಣದಿಂದ ಒಣ ಚಳಿಗಾಳಿ ಬೀಸಿ ಮೋಡವನ್ನು ಸೀಳಿ ಒಯ್ದಿತು. ತಡವಾದರೂ ಬಂತಲ್ಲ ಅಂತ ಅವ್ವ ವಿಭೂತಿ ಹಚ್ಚಿಕೊಳ್ಳುವಾಗ ಒಂದು ಗೆರೆ ದಪ್ಪ ಹಚ್ಚಿಕೊಂಡಂತೆ ನನಗೆ ಕಂಡಿತು. ಮೊದಲು ಬಿತ್ತಿದ ಮೇಲಿನ ಅರ್ಧಕ್ಕೆ ರೋಗ ಬೀಳುವಷ್ಟರಲ್ಲಿ ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿತ್ತು, ಅದು ಬದುಕಿಕೊಂಡಿತು. ಕೆಳಗಿನ ಅರ್ಧ ಹೂವಿನಲ್ಲಿದ್ದಾಗಲೇ ಸಿಕ್ಕಿಬಿದ್ದು ಬರೀ ಹುಲ್ಲಾಯಿತು, ಅಪ್ಪ ಅದನ್ನು ದನಕ್ಕೆ ಬಿಟ್ಟ. ಶಿವರಾತ್ರಿಗೆ ಇನ್ನೂ ಎರಡು ವಾರ ಇರುವಾಗ ಇಬ್ಬನಿ ಆರುವ ಮೊದಲೇ ಮೇಲಿನ ಗೋಧಿ ಕಿತ್ತು ಕಣಕ್ಕೆ ತಂದರು. ಒಣಗಿದ ಮೇಲೆ ಕಿತ್ತರೆ ತೆನೆ ಉದುರುತ್ತದೆ. ಎತ್ತು ಕಟ್ಟಿ ತುಳಿಸಿದರು. ತೂರಲು ಗಾಳಿ ಬೇಕಲ್ಲ, ಅದಕ್ಕೂ ಕಾದರು. ಕೊನೆಗೆ ಕಣದ ನಡುವೆ ರಾಶಿ ನಿಂತಿತು. ಕಾಳು ಸಣ್ಣದು, ಬಣ್ಣ ಕಪ್ಪಗೆ. ರಾಶಿಯ ನೆತ್ತಿಗೆ ಸಗಣಿಯ ಬೆನವ, ಅಂದರೆ ಉಂಡೆಯ ಗಣಪ, ಇಟ್ಟು, ಸುತ್ತ ಬೂದಿಯ ಗೆರೆ ಎಳೆದರು. ಇನ್ನು ಮುತ್ತೈದೆ ಬಂದು ಆರತಿ ಬೆಳಗಿದರೆ ಅಳೆದು ಮನೆಗೆ ಒಯ್ಯುವುದು.

ಅವತ್ತು ಮುಂಜಾನೆ ಮೂಡಣದಲ್ಲಿ ಮತ್ತೆ ಮೋಡ ಎದ್ದಿತ್ತು. ಬೇಗ ಪೂಜೆ ಮುಗಿಸಿ ಒಳಗೆ ಸಾಗಿಸಬೇಕೆಂದು ಅಪ್ಪ ಕಣದಿಂದ ಓಡಿಬಂದ. ಅವ್ವ ಒಲೆಯ ಮುಂದೆ ಕೂತಿದ್ದಳು. ಆರತಿಯ ತಾಟು ತೊಳೆದು ಗೋಡೆಗೆ ಒರಗಿಸಿ ಇಟ್ಟಿದ್ದಳು, ಅದರಲ್ಲಿ ಏನೂ ಇರಲಿಲ್ಲ. ಅಪ್ಪ ಅವಸರ ಮಾಡಿದ. ಅವ್ವ ಎದ್ದು ನಿಂತಳು, ಆದರೆ ಹೊರಡಲಿಲ್ಲ. 

"ಇಬ್ಬರ ಸೊಸಿಯಂದ್ರ ಮನಿ ಇದು. ಒಬ್ಬಾಕಿ ತವರಿನ್ಯಾಗ ಕುಂತು ಅಳೂದು, ಒಬ್ಬಾಕಿ ಇಲ್ಲಿ ರಾಶಿಗೆ ಆರತಿ ಬೆಳಗೂದು. ಅದು ನನ್ನಿಂದ ಆಗೂದಿಲ್ರಿ."

"ಮೋಡಾ ನೋಡಿಯೇನು?"

"ನೋಡೇನ್ರಿ."

ಅಪ್ಪ ಪಡಸಾಲೆಗೆ ಹೋಗಿ ಆಯಿಯ ಮುಂದೆ ನಿಂತ. ಆಯಿಗೆ ಅಷ್ಟೂ ಮಾತು ಕೇಳಿಸಿತ್ತು. ಗಂಡ ಇಲ್ಲದ ಅವಳು ಆ ಪೂಜೆ ಮಾಡುವಂತಿರಲಿಲ್ಲ. ಬೇರೆ ಮನೆಯ ಹೆಣ್ಣುಮಗಳ ಕೈ ನಮ್ಮ ರಾಶಿಗೆ ಮುಟ್ಟಿಸುವುದು ಅವಳೇ ಒಪ್ಪದ ಮಾತು. ಇಡೀ ಮನೆಯಲ್ಲಿ ಆ ಕೆಲಸಕ್ಕೆ ಇದ್ದದ್ದು ಅವ್ವ ಒಬ್ಬಳೇ, ಅದು ಇಬ್ಬರಿಗೂ ಗೊತ್ತಿತ್ತು. ಆಯಿ ಗೋಡೆ ಹಿಡಿದು ಎದ್ದು ಅಡಿಗೆಮನೆಯ ಹೊಸ್ತಿಲಿಗೆ ಬಂದಳು.

"ರಾಶಿ ತೋಯ್ದು ಮೊಳಕಿ ಒಡದ್ರ ವರ್ಷಾ ಏನು ತಿಂತಿ?"

"ಮೊಳಕಿ ಒಡದದ್ದನ್ನ ತಿಂತೇನ್ರಿ ಅತ್ಯಾರ. ನಾ ನಿಮಗ ಇವತ್ತಿನತನಕ ಎದುರಾಡಿಲ್ಲ. ಮತ್ತ ಆಡೂದೂ ಇಲ್ಲ. ಇದೊಂದು."

ಹೆಣ್ಣುಮಕ್ಕಳ ಮಾತಿನ ನಡುವೆ ಕಾಕಾ ಎತ್ತಿನ ಹತ್ತಿರ ನಿಂತಿದ್ದ. ಅವನು ಯಾರ ಕಡೆಗೂ ನೋಡದೆ ಬಾಯಿಗೆ ನೀರು ಹಾಕಿಕೊಂಡು ಮುಕ್ಕಳಿಸಿ, ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟು ಬೀದಿಗಿಳಿದ. ಎಲ್ಲಿಗೆ ಅಂತ ಆಯಿ ಕೇಳಲಿಲ್ಲ.  ಲಕ್ಷ್ಮೇಶ್ವರಕ್ಕೆ ನಡೆದು, ಅಲ್ಲಿಂದ ಗದಗಿನ ಬಸ್ಸು ಹಿಡಿದು, ಬೆಟಗೇರಿಗೆ ಹೋಗಿ ಬರಬೇಕು. ಬರುವುದು ಸಂಜೆಯ ಒಳಗೆ ಆಗುತ್ತದೋ ಇಲ್ಲವೋ, ಅವಳು ಬರುತ್ತಾಳೋ ಇಲ್ಲವೋ, ಅವಳ ತಂದೆ ಕಳಿಸುತ್ತಾನೋ ಇಲ್ಲವೋ. ಅಪ್ಪ ಮನೆಯಲ್ಲಿದ್ದ ಗೋಣಿತಟ್ಟು, ಕೌದಿ ಎಲ್ಲವನ್ನೂ ಹೊತ್ತುಕೊಂಡು ಕಣಕ್ಕೆ ಹೋದ.

ಅವತ್ತು ಅಡಿಗೆ ಆದರೂ ಯಾರೂ ಸರಿಯಾಗಿ ಉಣ್ಣಲಿಲ್ಲ. ಮೋಡ ಹೊತ್ತು ಏರಿದಂತೆ ಏರಿ ನೆತ್ತಿಗೆ ಬಂತು. ಗಾಳಿ ನಿಂತು ಸೆಕೆಯಾಯಿತು. ಅವ್ವ ಬೆಳಕಿಂಡಿಯ ಕೆಳಗೆ ಕೂತು ಕುಸುಬಿ ಆರಿಸುತ್ತಿದ್ದಳು, ಆದರೆ ಆರಿಸಿದ್ದೂ ಆರಿಸದ್ದೂ ಒಂದೇ ಮೊರದಲ್ಲಿ ಬೀಳುತ್ತಿದ್ದವು. ಅವಳಿಗೆ ಹೆದರಿಕೆಯಾಗಿತ್ತು. ಮಳೆ ಬಿದ್ದು ರಾಶಿ ಹಾಳಾದರೆ ಆ ತಪ್ಪು ಜೀವ ಇರುವವರೆಗೂ ಅವಳ ತಲೆಯ ಮೇಲೆ. ಕಾಕಿಯ ಮಾತಿಗಾದರೆ ಹುಸೇನಸಾಬರ ಹೊಲ ಸಾಕ್ಷಿ ಹೇಳಿತ್ತು, ಇದಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲ. ಧೈರ್ಯವಂತರಿಗೆ ಹೆದರಿಕೆ ಇರುವುದಿಲ್ಲ ಅಂತ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಹೆದರುತ್ತಲೇ, ಬೆವರುತ್ತಲೇ, ಕುಸುಬಿ ಆರಿಸುತ್ತಲೇ ಒಬ್ಬಳು ಪಟ್ಟು ಬಿಡದೆ ಕೂತಿರಬಹುದು ಅಂತ ಅವತ್ತು ನೋಡಿದೆ.

ಹೊತ್ತು ಮುಳುಗುವ ಮೊದಲು ಹನಿ ಶುರುವಾದವು. ದೊಡ್ಡ ಹನಿ, ಒಂದಕ್ಕೊಂದು ದೂರ. ಅವ್ವ ಎದ್ದು ಆರತಿಯ ತಾಟಿಗೆ ಎಣ್ಣೆ, ಬತ್ತಿ, ಕುಂಕುಮ ಹಾಕಿ, ನೀರಿನ ಚರಿಗೆ ನನ್ನ ಕೈಗೆ ಕೊಟ್ಟು ಕಣಕ್ಕೆ ನಡೆದಳು. ಸೋತು ಒಬ್ಬಳೇ ಪೂಜೆ ಮಾಡಲು ಹೊರಟಳೋ, ಕಾಯಲು ಹೊರಟಳೋ, ನಾನು ಕೇಳಲಿಲ್ಲ. ಹಿಂದಿನಿಂದ ಆಯಿಯೂ ಕೋಲು ಊರಿಕೊಂಡು ಬಂದಳು. ಕೌದಿಗಳು ಆಗಲೇ ನೆನೆಯುತ್ತಿದ್ದವು, ಅಪ್ಪ ರಾಶಿಯ ಸುತ್ತ ಕಾಲುವೆ ತೆಗೆಯುತ್ತಿದ್ದ. ನಾವು ಹೀಗೆ ನಿಂತಿರುವಾಗ ಬಸ್ಸಿನ ರಸ್ತೆಯ ಕಡೆಯಿಂದ ಇಬ್ಬರು ಬರುವುದು ಕಂಡಿತು. ಮನೆಯ ದಾರಿ ಹಿಡಿಯದೆ ಅವರು ಹೊಲಗಳನ್ನು ಅಡ್ಡ ಹಾಯ್ದು ನೇರ ಕಣಕ್ಕೇ ಬಂದರು. ಕಾಕಿ ಬಹಳ ಬಡವಾಗಿದ್ದಳು. ಕಾಲು ಮೊಣಕಾಲಿನವರೆಗೆ ಎರೆಮಣ್ಣಾಗಿತ್ತು. ಅವ್ವ ಚರಿಗೆಯ ನೀರಿನಿಂದ ಅವಳ ಕಾಲು ತೊಳೆದು, ತಾಟಿನ ಒಂದು ಕಡೆ ಅವಳಿಗೆ ಹಿಡಿಸಿ, ಇನ್ನೊಂದು ಕಡೆ ತಾನು ಹಿಡಿದಳು. ಬತ್ತಿ ಹನಿಗೆ ಎರಡು ಸಲ ಆರಿತು, ಎರಡು ಸಲವೂ ಕಾಕಾ ಕಡ್ಡಿ ಗೀರಿದ. ಆರತಿಯಾದ ಮೇಲೆ ಮಾತಿಗೆ ಪುರಸೊತ್ತಿರಲಿಲ್ಲ. ಬುಟ್ಟಿ, ಚೀಲ, ಸೆರಗು, ಸಿಕ್ಕಿದ್ದರಲ್ಲಿ ತುಂಬಿ ಬಂಡಿಗೆ ಹಾಕಿದೆವು. ಆಯಿಯೂ ಕೋಲು ಬಿಸಾಡಿ ಬೊಗಸೆಯಲ್ಲಿ ತುಂಬಿದಳು. ಬುಡದ ಗೋಧಿ ನೆನೆದೇ ಹೋಯಿತು, ಆಮೇಲೆ ಅದು ಬೆಳ್ಳಗಾಗಿ ಮುಗ್ಗಲು ವಾಸನೆ ಹೊಡೆಯಿತು. ಮೇಲಿನದು ಉಳಿಯಿತು. ವರ್ಷದ ಹಬ್ಬಗಳಿಗೆ ಹಿಂದೆ ಮುಂದೆ ನೋಡಿ ಬಳಸಿದರೆ ಸಾಕಾಗುವಷ್ಟು.

ಕಾಕಿ ಆ ಮನೆಯಲ್ಲೇ ಉಳಿದಳು, ಮಕ್ಕಳಾದರು, ಈಗಲೂ ಅಲ್ಲೇ ಇದ್ದಾಳೆ. ಆದರೆ ಅವಳ ಆ ದೊಡ್ಡ ದನಿ ತಿರುಗಿ ಬರಲಿಲ್ಲ. ಹೊಲಕ್ಕೆ ಹೋದರೆ ಸೆರಗನ್ನು ಬಾಯಿಗೆ ಹಿಡಿದುಕೊಂಡು ಹೋಗುವ ಚಟ ಅವಳಿಗೆ ಅಂಟಿಕೊಂಡಿತು. ಅವ್ವನ ಹಲ್ಲಿನ ಸಾಲನ್ನು ನಾನು ಮತ್ತೆ ಅಷ್ಟು ಹಗುರಾಗಿ ಕಾಣಲಿಲ್ಲ. ಎಲ್ಲವೂ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಬಂದಳಲ್ಲ, ಅಷ್ಟು ಸಾಕು ಅಂತ ಅವ್ವ ಅನ್ನುತ್ತಿದ್ದಳು. ನಾನೂ ಅಷ್ಟನ್ನೇ ಅನ್ನಬಲ್ಲೆ.

ರಾಶಿ ಮನೆಗೆ ಬಂದ ಮರುದಿನ ಮುಂಜಾನೆ ನನಗೆ ಎಚ್ಚರವಾದಾಗ ಬೆಳಕಿಂಡಿಯಿಂದ ಬಿಸಿಲು ಆಗಲೇ ಇಳಿದಿತ್ತು. ಮಳೆ ನಿಂತು ಆಕಾಶ ತೊಳೆದಂತಿತ್ತು. ಪಕ್ಕದಲ್ಲಿ ಅವ್ವ ಇನ್ನೂ ಮಲಗಿದ್ದಳು. ಅಷ್ಟು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ನೋಡಿರಲೇ ಇಲ್ಲ. ಬಾಯಿ ಅರೆ ತೆರೆದು, ಒಂದು ಕೈ ತಲೆಯ ಕೆಳಗೆ, ಉಗುರಿನಲ್ಲಿ ಕಣದ ಮಣ್ಣು. ಮೈಯಲ್ಲಿ ಹುಷಾರಿಲ್ಲವೇನೋ ಅಂತ ಗಾಬರಿಯಾಗಿ ಎಬ್ಬಿಸಲು ಕೈ ಚಾಚಿದೆ. ಒಲೆಯ ಕಡೆಯಿಂದ ಸಣ್ಣ ದನಿ ಬಂತು. ತಿರುಗಿ ನೋಡಿದರೆ ಆಯಿ ಕಂಬದ ಬುಡ ಬಿಟ್ಟು ಒಳಗೆ ಬಂದು ಒಲೆ ಹಚ್ಚಿ ಕೂತಿದ್ದಳು. ಕಾಕಿ ಅವಳ ಮಗ್ಗುಲಲ್ಲಿ ಹಿಟ್ಟು ನಾದುತ್ತಿದ್ದಳು. ಆಯಿ ಊದುಗೊಳವೆ ಬಾಯಿಂದ ತೆಗೆದು, ಹೊಗೆಗೆ ಕಣ್ಣು ಒರೆಸಿಕೊಂಡು, ಎದ್ದು ಬಂದು ತನ್ನ ಕೌದಿಯನ್ನು ಅವ್ವನ ಕಾಲ ಮೇಲೆ ಹಾಕಿದಳು.

"ಎಬ್ಬಿಸಬ್ಯಾಡ," ಅಂದಳು. "ಮಲಗಲಿ."